ಗಯಾಬಾಯಿ ಸರ್ಕಾರದ ಮೊಲಗಳನ್ನು ಪಾಲಿಗೆ ಹಾಕಿದ್ದು

ಬಸವಕಲ್ಯಾಣದಲ್ಲಿ ಆಗ ಒಂದು ಸಣ್ಣ ಕಾಲೇಜಿತ್ತು. ಈಗ ಆ ಕಟ್ಟಡವೂ ಇಲ್ಲ, ಆ ಹೆಸರೂ ಇಲ್ಲ. ಅಲ್ಲಿ ವಿಜ್ಞಾನ ಶುರುವಾದದ್ದು 1971ರಲ್ಲಿ. ವಿಜ್ಞಾನ ಅಂದರೆ ಎರಡು ಕೋಣೆ, ನೀರು ಬಾರದ ಒಂದು ನಲ್ಲಿ, ಗಾಜಿನ ಭರಣಿಯಲ್ಲಿ ಬಿಳಿಚಿಕೊಂಡು ಕೂತ ಒಂದು ಹಾವು. ಪ್ರಾಣಿಶಾಸ್ತ್ರ ಕಲಿಸುತ್ತಿದ್ದವರು ಪ್ರಿನ್ಸಿಪಾಲ್ ಮಹಾರುದ್ರಪ್ಪನವರೇ. ಒಂದು ಹಾವಿನಿಂದ ಮೂರು ವರ್ಷದ ಪಾಠ ಸಾಗುವುದಿಲ್ಲವೆಂದು ಅವರು ಹೈದರಾಬಾದಿಗೆ ಹೋಗಿ ಆರು ಬಿಳಿ ಮೊಲ ತಂದರು, ಎರಡು ಗಂಡು, ನಾಲ್ಕು ಹೆಣ್ಣು. ಹುಮನಾಬಾದಿನಲ್ಲಿ ಬಸ್ಸು ಬದಲಿಸುವಾಗ ಒಂದು ಮೊಲ ಬುಟ್ಟಿಯಿಂದ ಹಾರಿತು. ಅರ್ಧ ಊರು ಅದರ ಹಿಂದೆ ಓಡಿತು. ಕಡೆಗೆ ಒಬ್ಬ ಟಾಂಗಾದವನು ತಲೆಯ ರುಮಾಲು ಬೀಸಿ ಹಿಡಿದುಕೊಟ್ಟ.

ಆ ಕಾಲೇಜಿನಲ್ಲಿ ಕಸ ಹೊಡೆಯುತ್ತಿದ್ದವಳು ಗಯಾಬಾಯಿ. ಈ ಕಥೆ ಅವಳದು. ಮೊಲಗಳದೂ ಅಲ್ಲ, ವಿಜ್ಞಾನದ್ದು ಮೊದಲೇ ಅಲ್ಲ.

ಗಯಾಬಾಯಿಯನ್ನು ಮಂಠಾಳಕ್ಕೆ ಕೊಟ್ಟಿದ್ದರು. ಒಂಬತ್ತು ವರ್ಷ ಕಾದರೂ ಹೊಟ್ಟೆ ತುಂಬಲಿಲ್ಲ. ಅತ್ತೆ ಅವಳ ಹೆಸರು ಕರೆಯುವುದನ್ನೇ ಬಿಟ್ಟು ‘ಬಂಜಿ’ ಅಂತ ಕರೆಯತೊಡಗಿದಳು. ‘ಬಂಜಿ, ನೀರು ತಾ. ಬಂಜಿ, ಸಗಣಿ ಬಾಚು.’ ಗಂಡ ಎರಡನೆಯವಳನ್ನು ತಂದ ದಿನ ಗಯಾಬಾಯಿ ಎಮ್ಮೆಗೆ ಮೇವು ಹಾಕಿ, ಕೈ ತೊಳೆದು, ಕಲ್ಯಾಣಕ್ಕೆ ನಡೆದು ಬಂದುಬಿಟ್ಟಳು. ಕೌದಿ ಹೊಲಿಯುವ ವಜೀರಬಿ ತನ್ನ ಅಂಗಳದ ಒಂದು ಕೋಣೆ ಬಿಟ್ಟುಕೊಟ್ಟಳು. ಕಾಲೇಜಿನ ಕೆಲಸ ಸಿಕ್ಕಿತು, ಆದರೆ ಅದು ಟೆಂಪರರಿ. ಬೇಸಿಗೆ ರಜೆ ಬಂದರೆ ಮನೆಗೆ ಹೋಗು ಅನ್ನುವರು, ಜೂನ್ ಬಂದರೆ ಬಾ ಅನ್ನಬಹುದು, ಅನ್ನದೆಯೂ ಇರಬಹುದು. ಪ್ರತಿ ಜೂನ್ ತಿಂಗಳ ಮೊದಲ ದಿನ ಅವಳು ಗೇಟಿನ ಹೊರಗೆ ನಿಂತು ಒಳಗಿನಿಂದ ಯಾರಾದರೂ ಕರೆಯುವುದನ್ನೇ ಕಾಯುವಳು. ಕರೆಯದೆ ಒಳಗೆ ಹೋಗುವ ಹಕ್ಕು ತನಗೂ ಒಂದು ಜಾಗದಲ್ಲಿ ಇರಬೇಕು ಅನ್ನುವುದು ಅವಳ ಆಸೆ. ಅಷ್ಟೇ ಆಸೆ, ಆದರೆ ಅದು ಬಲು ದೊಡ್ಡದಾಗಿತ್ತು.

ಮೊಲಗಳು ಬಂದ ಎರಡು ತಿಂಗಳಿಗೆ ದಿಲ್ಲಿಯಿಂದ ಒಂದು ಫಾರಂ ಬಂತು. ಪ್ರಯೋಗಕ್ಕೆಂದು ಪ್ರಾಣಿ ಇಟ್ಟುಕೊಂಡವರು ಒಂದು ಕಮಿಟಿಯ ಅನುಮತಿ ಪಡೆಯಬೇಕಂತೆ. ಇಟ್ಟುಕೊಳ್ಳಲು ಒಂದು ಅನುಮತಿ, ಪ್ರಯೋಗ ಮಾಡಲು ಇನ್ನೊಂದು. ಫಾರಂ ಇಂಗ್ಲಿಷಿನಲ್ಲಿ, ಮೂರು ಪ್ರತಿ, ಇಪ್ಪತ್ತಾರು ಕಾಲಂ. ಅದರಲ್ಲಿ ಒಂದು ಕಾಲಂ ಪ್ರಾಣಿಗಳನ್ನು ನೋಡಿಕೊಳ್ಳುವವರ ಹೆಸರನ್ನೂ ಅನುಭವವನ್ನೂ ಕೇಳಿತ್ತು. ಮೊಲಗಳಿಗೆ ಹುಲ್ಲು ಹಾಕುತ್ತಿದ್ದವಳು ಗಯಾಬಾಯಿ. ಅವಳನ್ನೇ ಕರೆಸಿದರು.

“ಗಯಾಬಾಯಿ, ನಿನಗ ಪ್ರಾಣಿ ಸಾಕಿ ಗೊತ್ತದನು?” ಎಂದರು ಮಹಾರುದ್ರಪ್ಪನವರು.

“ಆಡು ಸಾಕೀನ್ರಿ ಸರ್. ಎಮ್ಮಿ ಸಾಕೀನಿ. ಒಂಬತ್ತು ವರ್ಷ ಗಂಡನ್ನೂ ಸಾಕೀನಿ.”

“ಎಷ್ಟು ವರ್ಷದ ಅನುಭವ ಅಂತ ಬರೀಲಿ?” ಎಂದ ಗುಮಾಸ್ತ ಲಾಲಪ್ಪ, ಪೆನ್ನು ಎತ್ತಿ ಹಿಡಿದು.

“ನಡಿಯಾಕ ಬಂದಾಗಿಂದ ಬರೀರಿ.”

ಲಾಲಪ್ಪ ಇಪ್ಪತ್ತೆಂಟು ವರ್ಷ ಎಂದು ಬರೆದ. ಮೇಲಿನ ಸಾಲಿನಲ್ಲಿ ಪ್ರಿನ್ಸಿಪಾಲರ ಅನುಭವ ನಾಲ್ಕು ವರ್ಷ ಎಂದಿತ್ತು. ಹೀಗೆ ವಿಜ್ಞಾನ ವಿಭಾಗದಲ್ಲಿ ಎಲ್ಲರಿಗಿಂತ ಅನುಭವಿ ಕಸ ಹೊಡೆಯುವವಳು ಎಂದು ದಿಲ್ಲಿಗೆ ಗೊತ್ತಾಯಿತು.

ಲಾಲಪ್ಪನಿಗೆ ಇಂಗ್ಲಿಷ್ ಓದಲು ಬರುತ್ತಿತ್ತು, ಓದುವ ತಾಳ್ಮೆ ಇರಲಿಲ್ಲ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ನೌಕರಿ ಶುರು ಮಾಡಿದ ಮನುಷ್ಯ. ಸರ್ಕಾರ ಯಾವುದೇ ಇರಲಿ, ಯಾವ ಭಾಷೆಯಲ್ಲೇ ಕೇಳಲಿ, ಹೌದು ಅಂದರೆ ಸುಮ್ಮನಾಗುತ್ತದೆ, ಇಲ್ಲ ಅಂದರೆ ಇನ್ನೊಂದು ಕಾಗದ ಬರುತ್ತದೆ ಎಂದು ನಂಬಿದ್ದ. ಹಾಗಾಗಿ ಮೊಲಗಳ ಲೆಕ್ಕ, ವಯಸ್ಸು ಬಿಟ್ಟು ಉಳಿದ ಎಲ್ಲ ಕಾಲಮ್ಮಿಗೂ ‘ಹೌದು’ ಎಂದೇ ಬರೆದ. ಅನುಮತಿಗೆ ಮೊದಲೇ ಈ ಪ್ರಾಣಿಗಳ ಮೇಲೆ ಪ್ರಯೋಗ ನಡೆದಿದೆಯೇ? ಹೌದು. ಪ್ರಯೋಗದಲ್ಲಿ ಅವು ಸತ್ತಿವೆಯೇ? ಹೌದು. ಈಗ ಆರೋಗ್ಯವಾಗಿವೆಯೇ? ಹೌದು. ಮಹಾರುದ್ರಪ್ಪನವರು ರುಜು ಹಾಕಿದರು. ಅವರೂ ಓದಲಿಲ್ಲ. ಪ್ರಿನ್ಸಿಪಾಲರಾದವರು ಓದಿ ರುಜು ಹಾಕಿದರೆ ಗುಮಾಸ್ತನಿಗೆ ಅವಮಾನ ಅನ್ನುವ ಮರ್ಯಾದಸ್ಥ ಮನುಷ್ಯ ಅವರು.

ಹನ್ನೊಂದು ತಿಂಗಳ ಮೇಲೆ ಉತ್ತರ ಬಂತು. ಸತ್ತ ಮೇಲೆಯೂ ಆರೋಗ್ಯವಾಗಿರುವ ಆರು ಮೊಲಗಳ ಬಗ್ಗೆ ಕಮಿಟಿ ಆಶ್ಚರ್ಯ ಪಟ್ಟಿತ್ತು. ಅನುಮತಿಯಿಲ್ಲದೆ ಪ್ರಯೋಗ ಮಾಡಿಲ್ಲವೆಂದು ಸಾಬೀತು ಮಾಡಿ ಎಂದು ಕೇಳಿತ್ತು. ಮಾಡದೆ ಇದ್ದದ್ದನ್ನು ಸಾಬೀತು ಮಾಡುವುದು ಹೇಗೆ? ಮೊಲಗಳು ಬದುಕಿರುವುದೇ ಸಾಕ್ಷಿ. ಅದನ್ನು ದಿಲ್ಲಿಯೂ ಯೋಚಿಸಿತ್ತು. ಸದ್ಯಕ್ಕೆ ಇಟ್ಟುಕೊಳ್ಳುವ ಅನುಮತಿ ಮಾತ್ರ ಕೊಟ್ಟಿತ್ತು. ತನಿಖಾಧಿಕಾರಿ ಬಂದು ನೋಡುವವರೆಗೆ ಆ ಆರು ಪ್ರಾಣಿಗಳನ್ನು ಇದ್ದಂತೆಯೇ ಇಟ್ಟಿರಬೇಕು. ಯಾವ ಪ್ರಯೋಗವನ್ನೂ ಮಾಡಬಾರದು. ಅವನ್ನಾಗಲಿ ಅವುಗಳ ಸಂತತಿಯನ್ನಾಗಲಿ ಮಾರಬಾರದು, ಪುಕ್ಕಟೆ ಕೊಡಬಾರದು, ಕೊಲ್ಲಬಾರದು. ಗೂಡಿನ ಅಳತೆಯ ಪ್ರಕಾರ ಆರಕ್ಕಿಂತ ಒಂದೂ ಹೆಚ್ಚು ಇಡಬಾರದು. ಕಡೆಗೆ ಒಂದು ಸಾಲು: ಪಾಲಕಿಯ ಕೆಲಸ ಸಮರ್ಪಕವಾಗಿದೆ ಎಂದು ತನಿಖಾಧಿಕಾರಿ ಬರೆದರೆ ಆಕೆಯ ಹುದ್ದೆಯನ್ನು ಕಾಯಂ ಮಾಡಲಾಗುವುದು.

ಆ ಕಡೆಯ ಸಾಲನ್ನು ಲಾಲಪ್ಪ ಓದಿ ಹೇಳಿದಾಗ ಗಯಾಬಾಯಿ ಕಸಬರಿಗೆ ಕೆಳಗಿಟ್ಟು ಅಲ್ಲೇ ಕೂತಳು. ಕಾಯಂ ಆದರೆ ಜೂನ್ ತಿಂಗಳು ಉಳಿದ ತಿಂಗಳುಗಳ ಹಾಗೆಯೇ ಒಂದು ತಿಂಗಳು.

ಇಷ್ಟರಲ್ಲಿ ಒಂದು ಸಣ್ಣ ತೊಡಕಾಗಿತ್ತು. ಕಾಗದ ಬಂದ ದಿನ ಗೂಡಿನಲ್ಲಿ ಇದ್ದದ್ದು ಆರಲ್ಲ, ಮೂವತ್ತೊಂದು. ಮೊಲಗಳಿಗೆ ದಿಲ್ಲಿಯ ಕಾಗದ ಯಾರೂ ಓದಿ ಹೇಳಿರಲಿಲ್ಲ.

ಮಹಾರುದ್ರಪ್ಪನವರು ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ಗಯಾಬಾಯಿ ಅವರ ಕೋಣೆಯ ಬಾಗಿಲಲ್ಲಿ ಬಂದು ನಿಂತಳು.

“ಸರ್, ಮಾರಬಾರದು ಅಂದಾರಲ್ರಿ?”

“ಹೂಂ.”

“ಪುಕ್ಕಟೆ ಕೊಡಬಾರದು.”

“ಹೂಂ.”

“ಕೊಯ್ಯಬಾರದು. ಇಲ್ಲಿ ಇಡಲೂಬಾರದು.”

“ಹೌದವ್ವಾ, ಅದೇ ತಲಿ ತಿನ್ನಾಕತ್ತದ.”

“ಹಂಗಾರ ಪಾಲಿಗೆ ಹಾಕೋಣ್ರಿ.”

ಪಾಲು ಅಂದರೆ ಆ ಕಡೆಯ ಯಾರಿಗೂ ವಿವರಿಸಬೇಕಿಲ್ಲ. ನನ್ನ ಆಡು, ನಿನ್ನ ಅಂಗಳ. ಆಡು ನನ್ನದಾಗಿಯೇ ಇರುತ್ತದೆ, ಮೇಯಿಸುವುದು ನೀನು. ಮರಿ ಹುಟ್ಟಿದರೆ ಅರ್ಧ ನನಗೆ, ಅರ್ಧ ನಿನಗೆ, ಮೊದಲು ಆರಿಸಿಕೊಳ್ಳುವ ಹಕ್ಕು ಒಡೆಯನಿಗೆ. ಆಡು ಸತ್ತರೆ ಮೇಯಿಸಿದವನು ಅದರ ಕಿವಿ ತಂದು ತೋರಿಸಬೇಕು, ಇಲ್ಲವಾದರೆ ಮಾರಿಕೊಂಡ ಅನ್ನುತ್ತಾರೆ. ಮಹಾರುದ್ರಪ್ಪನವರದೇ ಒಂದು ಎಮ್ಮೆ ಹತ್ತಿರದ ರಾಜೇಶ್ವರ ಊರಿನಲ್ಲಿ ಪಾಲಿಗಿತ್ತು. ಅವರು ದಿಲ್ಲಿಯ ಕಾಗದವನ್ನು ಮೊದಲ ಸಲ ಪೂರ್ತಿ ಓದಿದರು. ಮಾರುವುದಕ್ಕೆ ನಿಷೇಧವಿತ್ತು, ದಾನಕ್ಕಿತ್ತು, ಸಾವಿಗಿತ್ತು. ಪಾಲಿನ ಬಗ್ಗೆ ಒಂದಕ್ಷರವೂ ಇರಲಿಲ್ಲ. ಅಷ್ಟು ದೊಡ್ಡ ಕಮಿಟಿಯಲ್ಲಿ ಆಡು ಸಾಕಿದವರು ಒಬ್ಬರೂ ಇರಲಿಲ್ಲವೆಂದು ಕಾಣುತ್ತದೆ.

ಮೊದಲ ಎರಡು ಮೊಲ ಹೋದದ್ದು ವಜೀರಬಿಯ ಅಂಗಳಕ್ಕೆ. ಆಮೇಲೆ ಓಣಿಯ ಉದ್ದಕ್ಕೂ, ಕೋಟೆಯ ಕಡೆಗೂ. ಹುಟ್ಟಿದ ಮರಿಗಳಲ್ಲಿ ಅರ್ಧ ಸರ್ಕಾರಕ್ಕೆ ವಾಪಸು ಬರಬೇಕು, ಆದರೆ ಸರ್ಕಾರ ಆರಕ್ಕಿಂತ ಹೆಚ್ಚು ಇಟ್ಟುಕೊಳ್ಳುವ ಹಾಗಿಲ್ಲ, ಆದ್ದರಿಂದ ಅವೂ ಪಾಲಿಗೆ ಹೋಗುತ್ತಿದ್ದವು. ಹೀಗೆ ಸರ್ಕಾರದ ಮೊಲಗಳು ರಾಜೇಶ್ವರ ದಾಟಿ, ಹುಮನಾಬಾದ ಸೇರಿ, ಮಾಣಿಕನಗರದ ತೆಂಗಿನಕಾಯಿ ಅಂಗಡಿಯೊಂದರ ಹಿತ್ತಲಿಗೂ ಹೋದವು. ಬೆಕ್ಕು, ನಾಯಿ, ಬೇಸಿಗೆ ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಬೀದರ ಜಿಲ್ಲೆಯಲ್ಲಿ ಮನುಷ್ಯರಿಗೆ ಜಾಗ ಇರುತ್ತಿರಲಿಲ್ಲ.

ಜನ ತಮ್ಮ ಪಾಲಿನದನ್ನು ಏನು ಬೇಕಾದರೂ ಮಾಡಿಕೊಳ್ಳುತ್ತಿದ್ದರು. ವಜೀರಬಿಯ ಮಗಳ ಮದುವೆಯಲ್ಲಿ ಅವಳ ಪಾಲಿನ ನಾಲ್ಕು ಮೊಲ ಬಿರಿಯಾನಿಯಾದವು. ಅದೇ ಅಂಗಳದಲ್ಲಿ ಸರ್ಕಾರದ ಪಾಲಿನ ಐದು ಕೂತು ಹತ್ತರಕಿ ಸೊಪ್ಪು ತಿನ್ನುತ್ತ ಮದುವೆ ನೋಡಿದವು. ಸರ್ಕಾರದ್ದನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ, ತಿಂದರೆ ಅರಗುವುದಿಲ್ಲ ಅಂತ ಹೇಗೋ ಸುದ್ದಿಯಾಗಿತ್ತು. ಸತ್ತರೆ ಮಾತ್ರ ಯಾವುದೋ ಊರಿನ ಮನುಷ್ಯ ಕಾಗದದಲ್ಲಿ ಸುತ್ತಿದ ಎರಡು ಕಿವಿ ತಂದು ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟು ಕೈಮುಗಿಯುತ್ತಿದ್ದ. ಲಾಲಪ್ಪ ಅದನ್ನು ಬಂದ ಟಪಾಲಿನ ರಿಜಿಸ್ಟರಿನಲ್ಲಿ ಏರಿಸುತ್ತಿದ್ದ.

ವಾರಕ್ಕೊಮ್ಮೆ ಗಯಾಬಾಯಿ ಮನೆಮನೆ ತಿರುಗುವಳು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ, ಆದರೆ ಯಾವ ಮನೆಯಲ್ಲಿ ಯಾವುದು ಗಬ್ಬವಿದೆ, ಯಾವುದಕ್ಕೆ ಹಾಲು ಕಡಿಮೆ, ಯಾವುದರ ಕಾಲಿಗೆ ಹುಣ್ಣು, ಎಲ್ಲ ಅವಳ ತಲೆಯಲ್ಲಿತ್ತು. ಇಲ್ಲಿ ಒಂದು ಮಾತು ಹೇಳಲೇಬೇಕು. ಇದೇ ಓಣಿಯ ಹೆಂಗಸರು ಹಿಂದೆ ತೊಟ್ಟಿಲ ಕಾರ್ಯಕ್ಕೆ ಅವಳನ್ನು ಕರೆಯುತ್ತಿರಲಿಲ್ಲ. ಕೂಸು ಕಂಡರೆ ಸೆರಗು ಮುಚ್ಚುತ್ತಿದ್ದರು. ಈಗ ಅವೇ ಹೆಂಗಸರು, ‘ಗಯಾ ಅಕ್ಕಾ, ನಮ್ಮದು ಹುಲ್ಲು ಕೂಡಿಸಾಕತ್ತದ, ಇವತ್ತೋ ನಾಳೆಯೋ ಈಯತದ, ಸ್ವಲ್ಪ ಬಂದು ನೋಡು’ ಅಂತ ಹೇಳಿ ಕಳಿಸುತ್ತಿದ್ದರು. ಅವಳು ಹೋಗಿ ಮೂಲೆಯಲ್ಲಿ ಕೂತು, ಕಣ್ಣು ಬಿಡದ ಮರಿಗಳನ್ನು ಒಂದೊಂದಾಗಿ ಅಂಗೈಯಲ್ಲಿಟ್ಟು ನೋಡುವಳು. ಅವಳ ಕೈಗುಣ ಚಲೋ ಅಂತ ಊರೇ ಹೇಳತೊಡಗಿತು. ಅದನ್ನು ಕೇಳಿದಾಗ ಅವಳಿಗೆ ಎಷ್ಟು ಸುಖವಾಗುತ್ತಿತ್ತೆಂದರೆ, ಕೇಳಿಸಲಿಲ್ಲ ಅನ್ನುವ ಹಾಗೆ ನಟಿಸಿ ಇನ್ನೊಂದು ಸಲ ಹೇಳಿಸಿಕೊಳ್ಳುತ್ತಿದ್ದಳು.

ದಿಲ್ಲಿಗೆ ಮಾತ್ರ ವರ್ಷ ವರ್ಷವೂ ಅದೇ ಫಾರಂ ಹೋಗುತ್ತಿತ್ತು. ಲಾಲಪ್ಪ ಹಿಂದಿನ ವರ್ಷದ ಪ್ರತಿ ನೋಡಿ ಅಕ್ಷರ ಬಿಡದೆ ಇಳಿಸುತ್ತಿದ್ದ. ಮೊಲಗಳು ಆರು, ವಯಸ್ಸು ಆರು ತಿಂಗಳು.

1978ರ ಫೆಬ್ರವರಿಯಲ್ಲಿ ತನಿಖಾಧಿಕಾರಿ ಬಂದೇಬಿಟ್ಟರು. ಬೆಂಗಳೂರಿನ ಕಡೆಯವರು, ತೆಳ್ಳಗಿದ್ದರು, ಕೈಯಲ್ಲಿ ಅಳತೆಯ ಟೇಪು. ಹಿಂದಿನ ದಿನವೇ ಮಹಾರುದ್ರಪ್ಪನವರು ಗಯಾಬಾಯಿಗೆ ತಾಕೀತು ಮಾಡಿದ್ದರು.

“ಸಾಹೇಬ್ರು ಏನು ಕೇಳಿದ್ರೂ ಹೌದ್ರಿ ಅನ್ನು. ಮರಿ ಮಾತು ಬಂತೋ, ನಾ ಉತ್ತರ ಕೊಡ್ತೀನಿ, ನೀ ಬಾಯಿ ಬಿಡಬ್ಯಾಡ. ನಾಳಿ ಒಂದು ದಿನ ದಾಟಿದ್ರ ನೀ ಕಾಯಂ.”

ಸಾಹೇಬರು ಗೂಡು ಅಳೆದರು, ನೀರು ಮೂಸಿದರು, ಮೊಲಗಳ ಹಲ್ಲು ನೋಡಿದರು. ಎಲ್ಲ ಚೊಕ್ಕಟವಾಗಿತ್ತು. ಆಮೇಲೆ ಪ್ರಿನ್ಸಿಪಾಲರ ಕೋಣೆಯಲ್ಲಿ ಕೂತು ಫೈಲು ತಿರುವಿದರು. ಬಾಗಿಲ ಬಳಿ ಹೊಸ ಇಳಕಲ್ ಸೀರೆ ಉಟ್ಟು ಗಯಾಬಾಯಿ ನಿಂತಿದ್ದಳು. ಆ ಸೀರೆ ಕಾಯಂ ಆದ ದಿನ ಉಡಲೆಂದು ತೆಗೆದಿಟ್ಟದ್ದು, ಒಂದು ದಿನ ಮೊದಲೇ ಉಟ್ಟಿದ್ದಳು.

“ಇವು ಏಳು ವರ್ಷದಿಂದ ಆರೇ ತಿಂಗಳ ಮೊಲಗಳಾ?” ಎಂದರು ಸಾಹೇಬರು.

“ಹೌದ್ರಿ,” ಎಂದ ಲಾಲಪ್ಪ.

ಸಾಹೇಬರು ಹಾಳೆ ಮಗುಚಿ, ಆ ಪ್ರಶ್ನೆಯನ್ನು ಬಿಟ್ಟುಬಿಟ್ಟರು. ಹದಿನೆಂಟು ತಾಸು ಬಸ್ಸಿನಲ್ಲಿ ಕೂತು ಬಂದ ಮನುಷ್ಯ.

“ನಾಲ್ಕು ಹೆಣ್ಣು, ಎರಡು ಗಂಡು. ಮರಿಗಳಾಗಿಲ್ಲವಾ?”

“ಇಲ್ರಿ,” ಎಂದರು ಮಹಾರುದ್ರಪ್ಪನವರು ಗೋಡೆಯ ಕಡೆ ನೋಡುತ್ತ. “ಒಂದೂ ಇಲ್ರಿ.”

“ಏಳು ವರ್ಷ ಮೊಲ ಮರಿ ಹಾಕಿಲ್ಲ ಅಂದ್ರೆ ಸಾಕಿದವರ ತಪ್ಪು ಅಂತ ಬರೀಬೇಕಾಗುತ್ತೆ.” ಅವರು ಬಾಗಿಲ ಕಡೆ ನೋಡಿದರು. ಸೀರೆಯ ಹೊಸ ಮಡಿಕೆ ಕಂಡಿತೋ ಏನೋ, ದನಿ ಮೆತ್ತಗಾಯಿತು. “ಇರಲಿ. ಗೂಡು ಚೆನ್ನಾಗಿಟ್ಟಿದ್ದಾರೆ. ಮೊಲಗಳೇ ಬಂಜೆ ಅಂತ ಬರೀತೀನಿ. ಬಂಜೆ ಆದ್ರೆ ಸಾಕಿದವರೇನು ಮಾಡ್ತಾರೆ? ಕಾಯಂ ಮಾಡೋಕೆ ಶಿಫಾರಸು ಮಾಡಿಬಿಡ್ತೀನಿ, ಆಯ್ತಾ ತಾಯಿ?”

ಪೆನ್ನು ಕಾಗದದ ಮೇಲೆ ಕೂತಿತು. ಮಹಾರುದ್ರಪ್ಪನವರು ಉಸಿರು ಬಿಟ್ಟರು. ಲಾಲಪ್ಪ ಹೌದ್ರಿ ಹೌದ್ರಿ ಎಂದು ಎರಡು ಸಲ ಹೇಳಿದ.

“ಬರಿಬ್ಯಾಡ್ರಿ ಸಾಹೇಬ್ರ,” ಎಂದಳು ಗಯಾಬಾಯಿ.

ಪ್ರಿನ್ಸಿಪಾಲರು ಕಣ್ಣು ಬಿಟ್ಟು ಸನ್ನೆ ಮಾಡಿದರು. ಅವಳು ನೋಡಲಿಲ್ಲ. ಅವಳ ಮುಖ ಕೆಂಪಾಗಿತ್ತು. ಸಿಟ್ಟು ಬಂದಿತ್ತು ಅವಳಿಗೆ, ಹದಿನೈದು ವರ್ಷದ ಹಳೆಯ ಸಿಟ್ಟು, ಯಾರ ಮೇಲೂ ತೀರಿಸದೆ ಉಳಿದದ್ದು.

“ನೌಕರಿ ಕೊಡ್ರಿ, ಬಿಡ್ರಿ. ನಾ ಸಾಕಿದ್ದಕ್ಕ ಬಂಜಿ ಅಂತ ಬರಿಬ್ಯಾಡ್ರಿ. ಒಂದು ತಾಸು ನನ್ನ ಜೋಡಿ ಬರ್ರಿ, ನೋಡ್ರಿ, ಆಮ್ಯಾಲ ಏನು ಬೇಕಾದ್ರೂ ಬರ್ಕೋರಿ.”

ಹೀಗೆ ಆ ಮೆರವಣಿಗೆ ಹೊರಟಿತು. ಮುಂದೆ ಗಯಾಬಾಯಿ, ಹಿಂದೆ ಟೇಪು ಹಿಡಿದ ಸಾಹೇಬರು, ಅವರ ಹಿಂದೆ ಬೆವರು ಒರೆಸುತ್ತ ಮಹಾರುದ್ರಪ್ಪನವರು, ಕಡೆಗೆ ರಿಜಿಸ್ಟರು ಹಿಡಿದ ಲಾಲಪ್ಪ. ವಜೀರಬಿ ಕೌದಿಯಿಂದ ತಲೆಯೆತ್ತಿ, “ಬಾ ಗಯಾ ಅಕ್ಕಾ, ಈ ಸಲ ಎಂಟು ಆಗ್ಯಾವ. ಸರ್ಕಾರದ ನಾಲ್ಕು ಆರಿಸ್ಕೊಂಡು ಹೋಗು, ನನ್ನವಕ್ಕ ಗಿರಾಕಿ ಬರಾಕತ್ತಾರ,” ಎಂದಳು. ಪಕ್ಕದ ಮನೆಯಲ್ಲಿ ಒಂದು ಮೊಲ ಹಸುಗೂಸಿನ ತೊಟ್ಟಿಲ ಕೆಳಗೆ ಮಲಗಿತ್ತು. ಅದು ಸರ್ಕಾರದ್ದು, ಬಾಣಂತಿ, ಎಬ್ಬಿಸಬೇಡಿ ಅಂದರು. ಇನ್ನೊಂದು ಮನೆಯ ಮುದುಕ ಸಾಹೇಬರೇ ಮೊಲಗಳ ನಿಜವಾದ ಒಡೆಯರೆಂದು ತಿಳಿದು, ಹೋದ ತಿಂಗಳು ಸತ್ತದ್ದರ ಕಿವಿ ಒಳಗಿನಿಂದ ತಂದು ಅವರ ಕೈಗಿತ್ತ. ಅವರು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕಿಸೆಯಲ್ಲಿ ಹಾಕಿಕೊಂಡರು. ಹದಿಮೂರು ಮನೆಯಲ್ಲಿ ಚಹಾ ಕುಡಿದರು. ಮಧ್ಯಾಹ್ನದ ಹೊತ್ತಿಗೆ ಕೋಟೆಯ ಹತ್ತಿರದ ಒಂದು ಕಟ್ಟೆಯ ಮೇಲೆ ಕೂತಾಗ ಅವರ ಲೆಕ್ಕದಲ್ಲಿ ಸರ್ಕಾರದ ಮೊಲಗಳೇ ನೂರ ಹದಿನೇಳು ಇದ್ದವು. ರಾಜೇಶ್ವರ, ಹುಮನಾಬಾದ ಇನ್ನೂ ಉಳಿದಿದ್ದವು, ಅವನ್ನು ಗಯಾಬಾಯಿ ಬಾಯಲ್ಲೇ ಹೇಳಿದಳು.

“ಇದನ್ನೆಲ್ಲ ಬರೆದ್ರೆ ಕಾಲೇಜಿನ ಅನುಮತಿ ಹೋಗುತ್ತೆ,” ಎಂದರು ಸಾಹೇಬರು. “ನಿಮ್ಮ ಹುದ್ದೆನೂ ಹೋಗುತ್ತೆ. ಬಂಜೆ ಅಂತ ಬರೆದ್ರೆ ಎರಡೂ ಉಳಿಯುತ್ತೆ. ಯೋಚನೆ ಮಾಡಿ ಹೇಳಿ ತಾಯಿ.”

“ನೋಡಿದ್ದು ಬರೀರಿ,” ಎಂದಳು ಗಯಾಬಾಯಿ.

ಅವರು ಬರೆದರು. ಆ ಮನುಷ್ಯನ ಮೇಲೆ ನಮಗೆ ಸಿಟ್ಟಿಲ್ಲ. ಅವರಿಗೆ ಕೊಟ್ಟ ಫಾರಮ್ಮಿನಲ್ಲಿ ಪಾಲಿಗೆ ಕಾಲಂ ಇರಲಿಲ್ಲ.

ಎರಡು ತಿಂಗಳಿಗೆ ಆದೇಶ ಬಂತು. ಕಾಲೇಜಿಗೆ ಕೊಟ್ಟಿದ್ದ ಅನುಮತಿ ರದ್ದು. ಆವರಣದ ಹೊರಗಿನ ಪ್ರಾಣಿಗಳು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ. ಒಳಗಿನ ಆರನ್ನು ಕೂಡಲೇ ತೆರವುಗೊಳಿಸತಕ್ಕದ್ದು, ಆದರೆ ಮಾರತಕ್ಕದ್ದಲ್ಲ, ಕೊಡತಕ್ಕದ್ದಲ್ಲ, ಕೊಲ್ಲತಕ್ಕದ್ದಲ್ಲ. ಮಹಾರುದ್ರಪ್ಪನವರು ಆ ಭಾಗ ಓದಿ ಮುಗಿಸುವ ಮೊದಲೇ ಗಯಾಬಾಯಿ ಬುಟ್ಟಿ ತಂದಿದ್ದಳು. ಆರನ್ನೂ ಅವಳೇ ಪಾಲಿಗೆ ಪಡೆದಳು. ಇಷ್ಟು ವರ್ಷ ಒಡೆಯನ ಕಡೆಯವಳಾಗಿದ್ದವಳು ಈಗ ಮೇಯಿಸುವ ಕಡೆಯವಳಾದಳು.

“ಇನ್ನೊಂದು ಸಾಲು ಅದ,” ಎಂದರು ಪ್ರಿನ್ಸಿಪಾಲರು. “ಬ್ಯಾಡ ಬಿಡವ್ವಾ, ಅದು ನಿನ್ನ ಬಗ್ಗೆ ಅದ.”

“ಓದ್ರಿ ಸರ್.”

ಅವರು ಕನ್ನಡಕ ಸರಿ ಮಾಡಿಕೊಂಡು, ಇಂಗ್ಲಿಷಿನಿಂದ ಒಂದೊಂದೇ ಪದ ಬಿಡಿಸಿ ಹೇಳಿದರು: “ಪಾಲಕಿ ಶ್ರೀಮತಿ ಗಯಾಬಾಯಿ ಇವರ ಆರೈಕೆಯಲ್ಲಿ ಮಿತಿಮೀರಿ ಸಂತಾನವಾಗಿರುವುದು ಸ್ಥಳ ತನಿಖೆಯಿಂದ ಸಾಬೀತಾಗಿದೆ. ಈ ಕಾರಣದಿಂದ ಇವರ ಹುದ್ದೆಯನ್ನು ಕಾಯಂ ಮಾಡಲು ಬರುವುದಿಲ್ಲ.”

ಅವಳು ಅಳುತ್ತಾಳೆಂದು ಲಾಲಪ್ಪ ಕಿಟಕಿಯ ಕಡೆ ತಿರುಗಿದ. ಅವಳು ಅತ್ತದ್ದು ನಿಜ, ಆದರೆ ಅವನು ತಿಳಿದ ಕಾರಣಕ್ಕಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಬುಟ್ಟಿಯನ್ನು ಸೊಂಟದ ಮೇಲೆ ಸರಿಯಾಗಿ ಕೂರಿಸಿಕೊಂಡು, ಆ ಕಾಗದಕ್ಕೆ ಸರ್ಕಾರದ ಸಿಕ್ಕಾ ಬಿದ್ದಿದೆಯೇ ಎಂದು ಕೇಳಿದಳು. ಬಿದ್ದಿದೆ, ಮೂರೂ ಪ್ರತಿಗೆ ಮೊಹರು ಬಿದ್ದಿದೆ ಎಂದರು ಮಹಾರುದ್ರಪ್ಪನವರು.

“ಹಂಗಾರ ಮೊದಲಿನ ಅರ್ಧ ಇನ್ನೊಮ್ಮೆ ಓದ್ರಿ ಸರ್,” ಎಂದಳು. “ಸಾಬೀತು ಆಗೇದ ಅನ್ನೋತನಕ.”